ಮನೆಯ ಯಂತ್ರಗಳಿಗೆ ಹೆಸರು ಬಂದ ಕಥೆ

ನಮ್ಮ ಭೋಜದ ವಿಳಾಸವನ್ನೇ ನೋಡಿರಿ. ಹಿಂದೆ ‘ಚಿಕ್ಕೋಡಿ ತಾಲ್ಲೂಕು’ ಎಂದು ಬರೆಯುತ್ತಿದ್ದೆವು, ಈಗ ‘ನಿಪ್ಪಾಣಿ ತಾಲ್ಲೂಕು’. 2014ರ ನವೆಂಬರ್ 1ರಿಂದ ಜಿಲ್ಲೆಯ ಹೆಸರು ಇಂಗ್ಲಿಷಿನಲ್ಲೂ ಬೆಳಗಾವಿ ಆಯಿತು. ಊರು ಇದ್ದಲ್ಲೇ ಇದೆ, ಬರೆಯುವ ರೀತಿ ಬದಲಾಯಿತು. ಕಂಪ್ಯೂಟರ್ ಜಾಲದಲ್ಲಿ ಇದು ತಿರುವುಮುರುವು. ಅಲ್ಲಿ ಹೆಸರು ಹಾಗೆಯೇ ಇರುತ್ತದೆ, ಅದರ ಹಿಂದಿನ ಐಪಿ ಸಂಖ್ಯೆ ಆಗಾಗ ಬದಲಾಗುತ್ತದೆ. ಹಾಗಾದರೆ ಪ್ರತಿಸಲವೂ ದಾಖಲೆ ತಿದ್ದುವವರು ಯಾರು?

ಮೊದಲು ಮನುಷ್ಯರೇ ತಿದ್ದುತ್ತಿದ್ದರು. ಅಮೆರಿಕದ ಆರ್ಪಾನೆಟ್ ಜಾಲದ ಎಲ್ಲ ಕಂಪ್ಯೂಟರುಗಳ ಹೆಸರು ಒಂದೇ ಕಡತದಲ್ಲಿದ್ದವು. ಅದನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫೋರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ತಂಡ ನೋಡಿಕೊಳ್ಳುತ್ತಿತ್ತು. ಹೊಸ ಹೆಸರು ಬೇಕಾದವರು ಆ ಕಚೇರಿಗೇ ಕೇಳಬೇಕು. ಉಳಿದವರೆಲ್ಲ ಆ ಕಡತವನ್ನು ಮತ್ತೆ ಮತ್ತೆ ಇಳಿಸಿಕೊಳ್ಳಬೇಕು. ಯಂತ್ರಗಳು ಹೆಚ್ಚಿದಂತೆ ಈ ಪದ್ಧತಿ ಭಾರವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡೊಮೈನ್ ನಾಮ ವ್ಯವಸ್ಥೆಯನ್ನು ರೂಪಿಸಿದರು. ಊರು, ತಾಲ್ಲೂಕು, ಜಿಲ್ಲೆ ಇದ್ದಂತೆ ಹೆಸರಿಗೂ ಹಂತಗಳು ಬಂದವು. ಪ್ರತಿ ಹಂತದ ಲೆಕ್ಕ ಆಯಾ ಹಂತದವರದೇ. ನಮ್ಮ ದೇಶದ ‘.ಇನ್’ 1989ರ ಮೇ 8ರಂದು ನೋಂದಣಿಯಾಯಿತು. ಆಗ ಅದನ್ನು ಮುಂಬೈನ ಎನ್‌ಸಿಎಸ್‌ಟಿ ನೋಡಿಕೊಳ್ಳುತ್ತಿತ್ತು. 2005ರಿಂದ ಅದು ನಿಕ್ಸಿ ಸಂಸ್ಥೆಯ ಕೈಯಲ್ಲಿದೆ.

ಆದರೂ ಬರೆಯುವ ಕೈ ಇನ್ನೂ ಮನುಷ್ಯರದ್ದೇ ಆಗಿತ್ತು. 1993ರಲ್ಲಿ ಡಿಎಚ್‌ಸಿಪಿ ಎಂಬ ನಿಯಮ ಬಂದು, ಯಂತ್ರಗಳು ತಾವೇ ಕೇಳಿ ಐಪಿ ಸಂಖ್ಯೆಯನ್ನು ಕೆಲಕಾಲಕ್ಕೆ ಬಾಡಿಗೆಗೆ ಪಡೆಯತೊಡಗಿದವು. ಬಾಡಿಗೆ ಮುಗಿದರೆ ಸಂಖ್ಯೆ ಬದಲಾಗಬಹುದು, ಕೈಯಿಂದ ಬರೆದ ದಾಖಲೆ ಅಲ್ಲಿಗೇ ಸುಳ್ಳಾಗುತ್ತದೆ. ಅದಕ್ಕಾಗಿ 1997ರಲ್ಲಿ ಆರ್‌ಎಫ್‌ಸಿ 2136 ಎಂಬ ದಾಖಲೆ ಹೊರಬಂತು. ಯಂತ್ರವೇ ಸಂದೇಶ ಕಳಿಸಿ ಹೆಸರಿನ ದಾಖಲೆಯನ್ನು ತಿದ್ದುವ ವಿಧಾನ ಅದರಲ್ಲಿದೆ. ಈ ಇಡೀ ಕಥೆಯ ನಿಜವಾದ ತಿರುವು ಇದೇ ಎಂದು ನನ್ನ ಅಭಿಪ್ರಾಯ.

ಮನೆಗಳಲ್ಲಿ ನಡೆದದ್ದು ಇನ್ನೂ ಸರಳ. ನಿಮ್ಮ ಮೊಬೈಲು ವೈ-ಫೈಗೆ ಸೇರುವಾಗ ಸಂಖ್ಯೆ ಕೇಳುತ್ತಾ ತನ್ನ ಹೆಸರನ್ನೂ ಹೇಳಬಹುದು. ಅನೇಕ ರೌಟರುಗಳು ಅದನ್ನೇ ಬರೆದುಕೊಂಡು, ಮನೆಯೊಳಗೆ ಕೇಳಿದವರಿಗೆ ತಿಳಿಸುತ್ತವೆ. ರೌಟರನ್ನೂ ಕೇಳದೆ ಕೆಲಸ ಸಾಗಿಸುವ ದಾರಿಯನ್ನು ಆ್ಯಪಲ್ ಕಂಪನಿ 2002ರಲ್ಲಿ ತಂದಿತು. ಅದು 2013ರಲ್ಲಿ ಆರ್‌ಎಫ್‌ಸಿ 6762 ಆಯಿತು. ಇಲ್ಲಿ ಹೊಸ ಪ್ರಿಂಟರು ‘ಈ ಹೆಸರು ಯಾರಿಗಾದರೂ ಇದೆಯೇ?’ ಎಂದು ಮನೆಯ ಜಾಲದಲ್ಲೆಲ್ಲ ಕೂಗಿ ಕೇಳುತ್ತದೆ. ಯಾರೂ ಉತ್ತರಿಸದಿದ್ದರೆ ಹೆಸರು ಅದರದ್ದು. ಇದ್ದರೆ ಕೊನೆಗೆ 2 ಎಂದು ಸೇರಿಸಿಕೊಳ್ಳುತ್ತದೆ. ಒಂದೇ ಹೆಸರಿನವರು ಇಬ್ಬರಿದ್ದಾಗ ನಮ್ಮ ಮಾಸ್ತರರು ಹಾಜರಿಯಲ್ಲಿ ಮಾಡುವ ಉಪಾಯವೂ ಇದೇ! ಈ ನಿಯಮದಲ್ಲಿ ಕನ್ನಡ ಹೆಸರಿಗೂ ಅವಕಾಶವಿದೆ. ಮಿತಿ 63 ಬೈಟ್. ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕಾದ್ದರಿಂದ ‘ಭೋಜ’ಕ್ಕೆ 9 ಸಾಕು.

ಇನ್ನು ಮನೆಯ ಹೆಸರುಗಳಿಗೆ ಕೊನೆಯ ಭಾಗ ಯಾವುದು? ಹಲವರು ‘.ಹೋಮ್’ ಎಂದು ತಾವೇ ಬಳಸಿಕೊಂಡರು. ಅಂಥ ವಿಚಾರಣೆಗಳು ಮನೆ ದಾಟಿ ಜಗತ್ತಿನ ಮೂಲ ಸರ್ವರುಗಳನ್ನು ಮುಟ್ಟುತ್ತಿದ್ದವು. 2018ರಲ್ಲಿ ‘ಹೋಮ್.ಅರ್ಪಾ’ವನ್ನು ಮನೆಗಳಿಗೆಂದೇ ಮೀಸಲಿಟ್ಟರು.

ಇಷ್ಟೆಲ್ಲ ಅನುಕೂಲದ ಜೊತೆಗೆ ಒಂದು ತೊಡಕೂ ಬಂತು, ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿನಿಯರು ಇದನ್ನು ಗಮನಿಸಬೇಕು. ಬಹಳ ಜನರ ಮೊಬೈಲು, ಲ್ಯಾಪ್‌ಟಾಪುಗಳ ಹೆಸರಿನಲ್ಲಿ ಒಡೆಯರ ಹೆಸರೇ ಇರುತ್ತದೆ. ಬಸ್ ನಿಲ್ದಾಣದ ವೈ-ಫೈಗೆ ಸೇರಿದರೆ ಪಕ್ಕದಲ್ಲಿ ಕುಳಿತ ಅಪರಿಚಿತನಿಗೂ ಅದು ಕಾಣಬಹುದು. ಈ ರೂಢಿಯೇ ಹಾನಿಕರ ಎಂದು 2017ರ ಆರ್‌ಎಫ್‌ಸಿ 8117 ಶೀರ್ಷಿಕೆಯಲ್ಲೇ ಸಾರಿತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಾಧನದ ಹೆಸರನ್ನು ಬದಲಾಯಿಸಲು ಒಂದು ನಿಮಿಷ ಸಾಕು.

2024ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 9526 ಎಂಬ ಪ್ರಾಯೋಗಿಕ ದಾಖಲೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಇದರಂತೆ ಮನೆಯ ರೌಟರು ಹೆಸರುಗಳ ಪಟ್ಟಿ ತಯಾರಿಸಿ, ಗುಪ್ತಲಿಪಿಯ ಸಂಪರ್ಕದಲ್ಲಿ ಹೊರಗಿನ ಸರ್ವರಿಗೆ ಒಪ್ಪಿಸುತ್ತದೆ. ಜಗತ್ತಿಗೆ ಉತ್ತರ ಹೇಳುವ ಹೊಣೆ ಆ ಸರ್ವರಿನದು. ಮನೆಯಲ್ಲಿ ಕರೆಂಟ್ ಹೋದರೂ ಹೆಸರು ಸಿಗುತ್ತದೆ (ಯಂತ್ರ ಸಿಗುವುದಿಲ್ಲ, ಅದು ಬೇರೆ ಮಾತು). ಆ ಪಟ್ಟಿಯಲ್ಲಿ ಮನೆಯ ಎಲ್ಲ ಯಂತ್ರಗಳೂ ಇರಬೇಕೆಂದಿಲ್ಲ. ಹೊರಗಿನವರಿಗೆ ಕ್ಯಾಮೆರಾದ ಹೆಸರು ಕೊಡಬೇಕೇ, ಮಗಳ ಫೋನಿನದು ಕೊಡಬಾರದೇ ಎಂಬುದನ್ನು ಮನೆಯವರು ಪಟ್ಟಿ ಹೊರಗೆ ಹೋಗುವ ಮೊದಲೇ ತೀರ್ಮಾನಿಸಬೇಕು.