ಕೈಗಾ ಅಣುವಿದ್ಯುತ್ ಸ್ಥಾವರದ ಚರಿತ್ರೆ

ಕೈಗಾ ಅಣುವಿದ್ಯುತ್ ಸ್ಥಾವರ ಇರುವುದು ಉತ್ತರ ಕನ್ನಡದ ಕಾರವಾರ ತಾಲೂಕಿನಲ್ಲಿ, ಕಾಳಿ ನದಿಯ ಕದ್ರಾ ಜಲಾಶಯದ ಬಳಿ. ತಲಾ 220 ಮೆಗಾವ್ಯಾಟ್‌ನ ನಾಲ್ಕು ಭಾರಜಲ ರಿಯಾಕ್ಟರುಗಳು ಸೇರಿ ಒಟ್ಟು ಸಾಮರ್ಥ್ಯ 880 ಮೆಗಾವ್ಯಾಟ್.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ನಾಡು ಮುಂದೆ ಬಹುಕಾಲ ನೀರನ್ನೇ ನಂಬಿತ್ತು. ಮಳೆ ಕೈಕೊಟ್ಟರೆ ಪವರ್ ಕಟ್. 1980ರ ದಶಕದಲ್ಲಿ ಕೇಂದ್ರವು 2000ನೇ ಇಸವಿಯೊಳಗೆ 10,000 ಮೆಗಾವ್ಯಾಟ್ ಅಣುವಿದ್ಯುತ್ ಎಂಬ ಗುರಿ ಹಾಕಿಕೊಂಡಿತು. ಅದರ ಮೂರನೇ ಒಂದು ಪಾಲೂ ಕೈಗೂಡಲಿಲ್ಲ. ಆ ಆತುರದ ಕೂಸು ಕೈಗಾ.

ಪಶ್ಚಿಮಘಟ್ಟದ ಕಾಡಿನ ನಡುವೆ ರಿಯಾಕ್ಟರೇ ಎಂದು ಕೆರಳಿದವರಲ್ಲಿ ಸಾಹಿತಿ ಶಿವರಾಮ ಕಾರಂತರು ಮುಂದಿದ್ದರು. 1989ರ ಲೋಕಸಭಾ ಚುನಾವಣೆಗೆ ಕೆನರಾ ಕ್ಷೇತ್ರದಿಂದ ನಿಂತಾಗ ಅವರಿಗೆ 87 ವರ್ಷ. ಸೋತರು. ಕಾಮಗಾರಿ ನಿಲ್ಲಲಿಲ್ಲ.

1994ರ ಮೇ 13ರಂದು ಒಂದನೇ ಘಟಕದ ಒಳಗುಮ್ಮಟದ ಅಡಿಭಾಗದಿಂದ ನೂರಕ್ಕೂ ಹೆಚ್ಚು ಟನ್ ಕಾಂಕ್ರೀಟ್ ಕಳಚಿಬಿತ್ತು. ಕೆಲಸಗಾರರು ಗಾಯಗೊಂಡರು. ಇಂಧನ ಇನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಏಳಲಿಲ್ಲ, ಅದೃಷ್ಟವೆನ್ನಬೇಕು. ವಿನ್ಯಾಸ ತಿದ್ದಿ ಗುಮ್ಮಟವನ್ನು ಮತ್ತೆ ಕಟ್ಟುವುದರೊಳಗೆ ವರ್ಷಗಳೇ ಉರುಳಿ, ತಮ್ಮನಾದ ಎರಡನೇ ಘಟಕ ಅಣ್ಣನಿಗಿಂತ ಮೊದಲೇ, 2000ದ ಮಾರ್ಚ್‌ನಲ್ಲಿ ವಾಣಿಜ್ಯ ಉತ್ಪಾದನೆಗೆ ಇಳಿಯಿತು. ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ಸೇರಿಕೊಂಡವು. ನಡುವೆ 2009ರಲ್ಲಿ ಕುಡಿಯುವ ನೀರಿನ ಕೂಲರ್‌ಗೆ ವಿಕಿರಣಶೀಲ ಟ್ರಿಟಿಯಂ ಬೆರೆತು ಹಲವು ನೌಕರರ ದೇಹ ಸೇರಿದ ಪ್ರಕರಣವೂ ನಡೆಯಿತು.

ಗುಮ್ಮಟ ಕುಸಿದಿದ್ದ ಅದೇ ಒಂದನೇ ಘಟಕ, ಅದೇ ಮೇ 13ರಂದು, 2016ರಲ್ಲಿ ಶುರುವಾಗಿ 962 ದಿನ ನಿಲ್ಲದೆ ಓಡಿತು. ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳ ವಿಶ್ವದಾಖಲೆ ಹಿಂದೆ ಬಿತ್ತು. ಕೆನಡಾದ ಡಾರ್ಲಿಂಗ್ಟನ್ ಆಮೇಲೆ ಇದನ್ನೂ ಮೀರಿಸಿತು.

ಕೈಗಾದ ಜಗಳ ಅಣುವಿನದಾದರೆ, ದಕ್ಷಿಣದ ಕರಾವಳಿಯ ಜಗಳ ಕಲ್ಲಿದ್ದಲು ವಿದ್ಯುತ್ತಿನದು. ಪಡುಬಿದ್ರಿ ಬಳಿಯ ನಂದಿಕೂರಿಗೆ ಬರಲಿದ್ದ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ ವಿರೋಧಗಳ ನಡುವೆ 1999ರಲ್ಲಿ ಹಿಂದೆ ಸರಿಯಿತು. ಆದರೂ ಬೇರೆಯವರ ಕೈಯಲ್ಲಿ ಅಲ್ಲೇ 1,200 ಮೆಗಾವ್ಯಾಟ್ ಸ್ಥಾವರ ಎದ್ದಿತು. ದಕ್ಷಿಣ ಕನ್ನಡದ ಪುಂಜಾಲಕಟ್ಟೆಯ ಅಡಿಕೆ ತೋಟದಲ್ಲಿ ಪಂಪ್ ಓಡಿಸುವವರಿಗೆ ಕರೆಂಟು ವಿತರಣಾ ಕಂಪನಿ ಮೆಸ್ಕಾಂನದು. ಗ್ರಿಡ್‌ನಲ್ಲಿ ಕಲೆತ ಮೇಲೆ ಅದು ಕೈಗಾದ್ದೋ ನಂದಿಕೂರಿನದ್ದೋ ಬೇರ್ಪಡಿಸಲಾಗದು. ಬಿಲ್ಲಿನಲ್ಲಿ ಯೂನಿಟ್ಟು ಮಾತ್ರ ಕಾಣುತ್ತದೆ.

ಕೈಗಾದಲ್ಲಿ ತಲಾ 700 ಮೆಗಾವ್ಯಾಟ್‌ನ 5 ಮತ್ತು 6ನೇ ಘಟಕಗಳಿಗೆ 2018ರ ಡಿಸೆಂಬರ್‌ನಲ್ಲಿ ಮಲ್ಲಾಪುರದಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆ ವಿರೋಧದಿಂದ ಕಾವೇರಿತು. ಮರುವರ್ಷ ಪರಿಸರ ಅನುಮತಿ ಸಿಕ್ಕಿತು. 2025ರ ಕೇಂದ್ರ ಬಜೆಟ್ 2047ರೊಳಗೆ 100 ಗಿಗಾವ್ಯಾಟ್ ಅಣುವಿದ್ಯುತ್ತಿನ ಗುರಿ ಸಾರಿದೆ, ಸಣ್ಣ ರಿಯಾಕ್ಟರುಗಳ ಸಂಶೋಧನೆ ಸೇರಿದ ಅಣುಶಕ್ತಿ ಮಿಷನ್‌ಗೆ 20,000 ಕೋಟಿ ರೂಪಾಯಿ ಘೋಷಿಸಿದೆ.