ಪ್ರೋಟೀನ್ ಪರೀಕ್ಷೆಗೆ ಕೂತ ಕಂಪನಿ

2018ರ ಡಿಸೆಂಬರ್ ಮೊದಲ ವಾರ. ಮೆಕ್ಸಿಕೋ ದೇಶದ ಕ್ಯಾನ್‌ಕುನ್ ಸೀಮೆಯ ಕಡಲ ತೀರದಲ್ಲಿ ಒಂದು ವಿಜ್ಞಾನ ಸಮ್ಮೇಳನ. ಬಂದವರಲ್ಲಿ ಹೆಚ್ಚಿನವರು ವಿಶ್ವವಿದ್ಯಾಲಯಗಳ ಮೇಷ್ಟ್ರುಗಳು, ಅವರ ಶಿಷ್ಯರು. ಆ ಸಲ ಅವರ ನಡುವೆ ಒಂದು ಕಂಪನಿಯೂ ಬಂದು ಕೂತಿತ್ತು. ಲಂಡನ್ನಿನ ಡೀಪ್‌ಮೈಂಡ್. 2014ರಲ್ಲಿ ಗೂಗಲ್ ಕೊಂಡುಕೊಂಡ ಕಂಪನಿ ಅದು. 2016ರಲ್ಲಿ 'ಗೋ' ಎಂಬ ಆಟದಲ್ಲಿ ಕೊರಿಯಾದ ಲೀ ಸೆಡಾಲ್ ಅವರನ್ನು ಅದರ ಪ್ರೋಗ್ರಾಂ 4-1ರಿಂದ ಸೋಲಿಸಿತ್ತು. ಆಟದ ಕಂಪ್ಯೂಟರ್ ಮಾಡುವವರಿಗೆ ರಸಾಯನಶಾಸ್ತ್ರದಲ್ಲಿ ಏನು ಕೆಲಸ ಅಂತ ಯಾರಿಗಾದರೂ ಅನ್ನಿಸುವಂಥದ್ದೇ.

ಅಲ್ಲಿ ಏನು ನಡೆಯಿತು ಎನ್ನುವುದಕ್ಕೆ ಮೊದಲು ಪ್ರೋಟೀನಿನ ಕತೆ ಸ್ವಲ್ಪ ಹೇಳಬೇಕು.

ಪ್ರೋಟೀನ್ ಅಂದರೆ ಬೇಳೆ, ಹಾಲು, ಮೊಟ್ಟೆ ಅಂತಷ್ಟೇ ನಾವು ಅಂದುಕೊಳ್ಳುತ್ತೇವೆ. ಆದರೆ ರಕ್ತದಲ್ಲಿ ಉಸಿರನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್, ಸಕ್ಕರೆ ಕಾಯಿಲೆಯವರು ಚುಚ್ಚಿಸಿಕೊಳ್ಳುವ ಇನ್ಸುಲಿನ್, ಇವೂ ಪ್ರೋಟೀನುಗಳೇ. ಪ್ರತಿಯೊಂದೂ ಮಣಿಸರದ ಹಾಗೆ. ಮಣಿಗಳಿಗೆ ಅಮೈನೋ ಆಮ್ಲ ಅಂತ ಹೆಸರು, ಅವು ಮುಖ್ಯವಾಗಿ 20 ಬಗೆ. ಈ ಸರ ನೀಟಾಗಿ ಜೋತು ಬಿದ್ದಿರುವುದಿಲ್ಲ, ತನ್ನಷ್ಟಕ್ಕೆ ತಾನೇ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಆ ಆಕಾರವಿದ್ದರೇ ಕೆಲಸ. ಮೊಟ್ಟೆ ಬೇಯಿಸಿದಾಗ ನೀರಿನಂತಿದ್ದ ಭಾಗ ಬೆಳ್ಳಗೆ ಗಟ್ಟಿಯಾಗುತ್ತದಲ್ಲ, ಅದು ಬಿಸಿಗೆ ಮಡಿಕೆ ಬಿಚ್ಚಿಹೋಗಿ ಸರಗಳು ಒಂದಕ್ಕೊಂದು ಸಿಕ್ಕು ಬಿದ್ದದ್ದು. ಔಷಧಿಯೂ ಹಾಗೆಯೇ. ಬೀಗಕ್ಕೆ ಕೀಲಿ ಕೂತಂತೆ ಪ್ರೋಟೀನಿನ ಆಕಾರಕ್ಕೆ ಸರಿಯಾಗಿ ಕೂತರೆ ಮಾತ್ರ ಅದು ನಾಟುತ್ತದೆ.

ಕಷ್ಟ ಇರುವುದು ಆ ಆಕಾರ ಕಂಡುಹಿಡಿಯುವುದರಲ್ಲಿ. ಪ್ರೋಟೀನನ್ನು ಹರಳು ಮಾಡಿ, ಅದರ ಮೇಲೆ ಎಕ್ಸ್-ರೇ ಬಿಟ್ಟು, ಬಿದ್ದ ಚುಕ್ಕಿಗಳಿಂದ ಲೆಕ್ಕ ಹಾಕಬೇಕು. ಕೇಂಬ್ರಿಡ್ಜ್‌ನ ಮ್ಯಾಕ್ಸ್ ಪೆರುಟ್ಜ್ ಅವರಿಗೆ ಹಿಮೋಗ್ಲೋಬಿನ್ ಒಂದರ ಆಕಾರ ಸಿಗಲು 20 ವರ್ಷಕ್ಕೂ ಹೆಚ್ಚು ಹಿಡಿಯಿತು. ಆದರೆ ಮಣಿಗಳ ಸಾಲಿನಲ್ಲೇ ಆಕಾರದ ಗುಟ್ಟು ಅಡಗಿದೆ ಎಂದು ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್‌ಸೆನ್ ತೋರಿಸಿಕೊಟ್ಟಿದ್ದರು. 1972ರಲ್ಲಿ ಅವರಿಗೆ ನೊಬೆಲ್ ಬಂತು. ಹಾಗಾದರೆ ಹರಳಿನ ಗೋಜಿಲ್ಲದೆ ಲೆಕ್ಕದಲ್ಲೇ ಆಕಾರ ಹೇಳಬಹುದಲ್ಲ? ಎಲ್ಲರ ತಲೆ ತಿಂದ ಪ್ರಶ್ನೆ ಇದು.

ಈ ಲೆಕ್ಕಕ್ಕೆ ಬುನಾದಿ ಹಾಕಿದವರಲ್ಲಿ ನಮ್ಮವರೂ ಇದ್ದಾರೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್, 1963ರಲ್ಲಿ ಮದ್ರಾಸಿನಲ್ಲಿದ್ದಾಗ ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರ ಜೊತೆ ಸೇರಿ ಒಂದು ನಕ್ಷೆ ಬರೆದರು. ಸರದ ಪ್ರತಿ ಕೊಂಡಿ ಯಾವ ಕೋನಕ್ಕೆ ಬಾಗಬಹುದು, ಯಾವ ಕೋನಕ್ಕೆ ಬಾಗಿದರೆ ಪರಮಾಣುಗಳು ಒಂದಕ್ಕೊಂದು ಗುದ್ದಿಕೊಳ್ಳುತ್ತವೆ ಎಂಬ ನಕ್ಷೆ ಅದು. ಮುಂದೆ ಅವರು ಬೆಂಗಳೂರಿಗೇ ಬಂದು ಈ ವಿದ್ಯೆಗೆ ಒಂದು ವಿಭಾಗವನ್ನೇ ಕಟ್ಟಿದರು. ಯಾರೇ ಹೊಸ ಪ್ರೋಟೀನಿನ ಆಕಾರ ಹೇಳಿದರೂ ಅದನ್ನು ರಾಮಚಂದ್ರನ್ ನಕ್ಷೆಗೆ ಹಿಡಿದು ನೋಡುವ ರೂಢಿ ಇವತ್ತಿಗೂ ಇದೆ. ನಮ್ಮ ಶಾಲೆ ಪುಸ್ತಕಗಳಲ್ಲಿ ಈ ಹೆಸರು ಇನ್ನಷ್ಟು ದೊಡ್ಡದಾಗಿ ಇರಬೇಕಿತ್ತು.

1990ರ ದಶಕದ ಹೊತ್ತಿಗೆ 'ನಮ್ಮ ಕಂಪ್ಯೂಟರ್ ಆಕಾರ ಹೇಳುತ್ತದೆ' ಎನ್ನುವವರು ಬಹಳ ಮಂದಿಯಾದರು. ಯಾರನ್ನು ನಂಬುವುದು? ಜಾನ್ ಮೌಲ್ಟ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು 1994ರಲ್ಲಿ 'ಕ್ಯಾಸ್ಪ್' ಎಂಬ ಪರೀಕ್ಷೆ ಶುರು ಮಾಡಿದರು. ಯಾವುದೋ ಲ್ಯಾಬಿನಲ್ಲಿ ಆಕಾರ ಸಿಕ್ಕಿರುತ್ತದೆ ಅಥವಾ ಸಿಗುವುದರಲ್ಲಿರುತ್ತದೆ, ಆದರೆ ಇನ್ನೂ ಹೊರಗೆ ಬಿಟ್ಟಿರುವುದಿಲ್ಲ. ಆ ಪ್ರೋಟೀನಿನ ಮಣಿಗಳ ಸಾಲನ್ನಷ್ಟೇ ಎಲ್ಲರಿಗೂ ಕೊಡುತ್ತಾರೆ. ತಂಡಗಳು ಉತ್ತರ ಕಳಿಸಬೇಕು. ಉತ್ತರ ಪತ್ರಿಕೆಯ ಮೇಲೆ ಹೆಸರಿಲ್ಲ, ನಂಬರ್ ಮಾತ್ರ. ತಿದ್ದುವವರಿಗೆ ಇದು ಯಾರದ್ದು ಅಂತ ಗೊತ್ತಿರುವುದಿಲ್ಲ. ಆಮೇಲೆ ಸಮ್ಮೇಳನ ಸೇರಿ ಫಲಿತಾಂಶದ ಚರ್ಚೆ.

ಕೃಷಿ ಮೇಳದಲ್ಲಿ ಬೀಜದ ಕಂಪನಿಯವರು ಮಳಿಗೆ ಹಾಕಿ, ತಾವೇ ಆರಿಸಿದ ಹೊಲದಲ್ಲಿ ತಾವೇ ಬೆಳೆದ ತೆನೆ ತೋರಿಸುತ್ತಾರಲ್ಲ, ಇದು ಹಾಗಲ್ಲ. ಹೊಲವೂ ಬೇರೆಯವರದ್ದು, ತೂಗುವವರೂ ಬೇರೆಯವರು. ಡೀಪ್‌ಮೈಂಡ್ ಸಮ್ಮೇಳನದಲ್ಲಿ ತನ್ನ ಕೆಲಸ ತೋರಿಸಿದ್ದು ಇಂಥ ಪರೀಕ್ಷೆಗೆ ಕೂತು. ಆದ್ದರಿಂದಲೇ ಅದನ್ನು ಜಾಹೀರಾತು ಅಂತ ತಳ್ಳಿಹಾಕಲು ಆಗಲಿಲ್ಲ.

2018ರ ಫಲಿತಾಂಶದಲ್ಲಿ ಅತಿ ಕಷ್ಟದ 43 ಪ್ರಶ್ನೆಗಳ ಪೈಕಿ 25ಕ್ಕೆ ಕಂಪನಿಯ 'ಆಲ್ಫಾಫೋಲ್ಡ್' ಎಲ್ಲರಿಗಿಂತ ಒಳ್ಳೆಯ ಉತ್ತರ ಕೊಟ್ಟಿತ್ತು. ಎರಡನೇ ತಂಡಕ್ಕೆ ಸಿಕ್ಕಿದ್ದು 3. ವರ್ಷಗಟ್ಟಲೆ ಇದರಲ್ಲೇ ಇದ್ದವರಿಗೆ ಹೇಗಾಗಿರಬೇಡ! ಮೊಹಮ್ಮದ್ ಅಲ್‌ಕುರೈಶಿ ಎಂಬ ಯುವ ವಿಜ್ಞಾನಿ ಸಮ್ಮೇಳನ ಮುಗಿದ ಮೇಲೆ ಉದ್ದಕ್ಕೆ ಬರೆದರು: ವಿಶ್ವವಿದ್ಯಾಲಯಗಳು ಏಕೆ ಹಿಂದೆ ಬಿದ್ದವು, ಅಷ್ಟು ದುಡ್ಡಿರುವ ಔಷಧಿ ಕಂಪನಿಗಳು ಇದಕ್ಕೆ ಏಕೆ ಕೈ ಹಾಕಲಿಲ್ಲ ಎಂದು.

2020ರಲ್ಲಿ ಕೋವಿಡ್ ಕಾರಣ ಸಮ್ಮೇಳನ ಆನ್‌ಲೈನ್ ಆಯಿತು. ಈ ಸಲದ ಆಲ್ಫಾಫೋಲ್ಡ್ ಹೊಸದಾಗಿ ಕಟ್ಟಿದ್ದು. 100ಕ್ಕೆ ಅದರ ನಡು ಅಂಕ 92.4. 90ರ ಸುತ್ತ ಬಂದರೆ ಲ್ಯಾಬಿನಲ್ಲಿ ಕಂಡುಹಿಡಿದದ್ದಕ್ಕೆ ಸಮ ಅಂತ ಲೆಕ್ಕ. ಜರ್ಮನಿಯ ಆಂಡ್ರೈ ಲೂಪಾಸ್ ಅವರ ತಂಡ ಹತ್ತು ವರ್ಷದಿಂದ ಬಿಡಿಸಲಾಗದೆ ಕೂತಿದ್ದ ಒಂದು ಪ್ರೋಟೀನು, ಈ ಉತ್ತರ ಕೈಗೆ ಬಂದ ಮೇಲೆ ಅರ್ಧ ಗಂಟೆಯಲ್ಲಿ ಬಿಡಿಸಿತು.

ಇಲ್ಲಿಂದ ಬೇರೆಯದೇ ಪ್ರಶ್ನೆ ಎದ್ದಿತು. ಕಂಪನಿ ತನ್ನ ವಿಧಾನವನ್ನು ಬಿಚ್ಚಿ ಹೇಳುತ್ತದೆಯೋ ಇಲ್ಲವೋ? ಸಮ್ಮೇಳನದಲ್ಲಿ ಹೇಳಿದ್ದು ಮೇಲು ಮೇಲಿನ ವಿವರ. ಆ ಸುಳಿವನ್ನೇ ಹಿಡಿದು ಅಮೆರಿಕದ ಸಿಯಾಟಲ್‌ನಲ್ಲಿ ಡೇವಿಡ್ ಬೇಕರ್ ಅವರ ತಂಡದ ಮಿನ್‌ಕ್ಯುಂಗ್ ಬೇಕ್ ಮತ್ತು ಜೊತೆಯವರು ತಮ್ಮದೇ ಪ್ರೋಗ್ರಾಂ ಕಟ್ಟಿಬಿಟ್ಟರು. 2021ರ ಜುಲೈ 15ರಂದು ಎರಡೂ ತಂಡಗಳ ಪ್ರಬಂಧ ಒಂದೇ ದಿನ ಹೊರಬಂದವು, ಕೋಡ್ ಸಮೇತ. 2022ರ ಜುಲೈ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಅಂದಾಜು ಆಕಾರವನ್ನು ಯಾರು ಬೇಕಾದರೂ ಪುಕ್ಕಟೆ ನೋಡುವಂತೆ ಕಂಪನಿ ಇಟ್ಟಿತು.

ಇದನ್ನು ಕಂಪನಿಯ ದಾನ ಅಂತ ನಾವು ಕರೆಯುವುದಿಲ್ಲ. ಆಲ್ಫಾಫೋಲ್ಡ್ ಕಲಿತದ್ದು ಸುಮಾರು 1,70,000 ಪ್ರೋಟೀನುಗಳ ಆಕಾರ ನೋಡಿ. ಅವೆಲ್ಲ 'ಪ್ರೋಟೀನ್ ಡೇಟಾ ಬ್ಯಾಂಕ್' ಎಂಬ ಸಾರ್ವಜನಿಕ ಕಣಜದಲ್ಲಿದ್ದವು. 1971ರಲ್ಲಿ ಬರೀ 7 ಆಕಾರಗಳಿಂದ ಶುರುವಾದ ಕಣಜ ಅದು. ಹರಳು ಬೆಳೆಸಿ ಕಣ್ಣು ಸೋತ ಸಾವಿರಾರು ಜನ, ಬಹುಪಾಲು ಸರ್ಕಾರಗಳ ದುಡ್ಡಿನಲ್ಲಿ, ಅದನ್ನು ತುಂಬಿಸಿದ್ದು. ಕಂಪನಿಯ ಜಾಣತನ ನಿಜ. ಬೀಜ ಮಾತ್ರ ಊರಿನದು.

2024ರ ಮೇ ತಿಂಗಳಲ್ಲಿ ಆಲ್ಫಾಫೋಲ್ಡ್ 3 ಬಂತು. ಪ್ರೋಟೀನಿಗೆ ಬೇರೆ ಅಣುಗಳು ಹೇಗೆ ಅಂಟುತ್ತವೆ ಅಂತಲೂ ಅದು ಹೇಳಬಲ್ಲದು, ಅಂದರೆ ಔಷಧಿಯ ದುಡ್ಡಿರುವ ಜಾಗ. ಆ ಹೊತ್ತಿಗೆ ಅದೇ ಮನೆತನದಲ್ಲಿ ಐಸೊಮಾರ್ಫಿಕ್ ಲ್ಯಾಬ್ಸ್ ಎಂಬ ಔಷಧಿ ಕಂಪನಿಯೂ ಹುಟ್ಟಿತ್ತು. ಈ ಸಲ ಪ್ರಬಂಧ ಬಂತು, ಕೋಡ್ ಬರಲಿಲ್ಲ. ಬೇರೆಯವರು ಪರೀಕ್ಷಿಸಲಾಗದ್ದನ್ನು ಅಚ್ಚು ಹಾಕಿದ್ದೇಕೆ ಎಂದು ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಅದೇ ಅಕ್ಟೋಬರ್‌ನಲ್ಲಿ ರಸಾಯನಶಾಸ್ತ್ರದ ನೊಬೆಲ್ ಘೋಷಣೆಯಾಯಿತು. ಅರ್ಧ ಬೇಕರ್ ಅವರಿಗೆ, ಉಳಿದರ್ಧ ಡೀಪ್‌ಮೈಂಡ್‌ನ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಇಬ್ಬರಿಗೆ. ಕೋಡ್ ಹೊರಬಂದದ್ದು ನವೆಂಬರ್‌ನಲ್ಲಿ. ಓದು, ಸಂಶೋಧನೆಗಾದರೆ ಬಳಸಬಹುದು. ವ್ಯಾಪಾರಕ್ಕೆ ಅದರಲ್ಲಿ ಅನುಮತಿಯಿಲ್ಲ.