ಥಾಣೆ ಖಾಡಿಯ ಯುದ್ಧನೌಕೆಗಳು ಮತ್ತು ನಾಯಕರು

ಕಲ್ಯಾಣ, ಡೊಂಬಿವಲಿ, ಥಾಣೆಗಳ ಪಕ್ಕದಲ್ಲಿ ಹರಿದು ವಸಈ ಬಳಿ ಕಡಲು ಸೇರುವ ಉಲ್ಲಾಸ್ ನದಿಯನ್ನೂ, ನವಿ ಮುಂಬಯಿಯ ಅಂಚಿನ ಥಾಣೆ ಖಾಡಿಯನ್ನೂ (ಉಬ್ಬರದ ನೀರು ಒಳನುಗ್ಗುವ ಕೆಸರುತಳದ ಅಳಿವೆಯನ್ನು ಇಲ್ಲಿ ಖಾಡಿ ಎನ್ನುತ್ತಾರೆ) ಬಿಟ್ಟು ಪಶ್ಚಿಮ ಕರಾವಳಿಯ ನೌಕಾಯುದ್ಧದ ಚರಿತ್ರೆಯನ್ನು ಬರೆಯಲಾಗದು. ಕೊಂಕಣದ ಮೌರ್ಯರ ಪುರಿಯನ್ನು ಇಮ್ಮಡಿ ಪುಲಕೇಶಿ ನೂರಾರು ಹಡಗುಗಳಿಂದ ಮುತ್ತಿದನೆಂದು 634ರ ಐಹೊಳೆ ಶಾಸನ ಹೇಳುತ್ತದೆ. ಆದರೆ ಆ ಹಡಗುಗಳ ರಚನೆಯ ಬಗ್ಗೆ ಅದು ಏನನ್ನೂ ತಿಳಿಸುವುದಿಲ್ಲ. ಥಾಣೆಯಿಂದ ಆಳಿದ ಶಿಲಾಹಾರರ ಕೊನೆಯ ದೊರೆ ಸೋಮೇಶ್ವರನು ಯಾದವ ಮಹಾದೇವನೊಡನೆ ಕಾದಿ ಸುಮಾರು 1265ರಲ್ಲಿ ಕಡಲಲ್ಲೇ ಮಡಿದನು. ಬೊರಿವಲಿಯ ಏಕಸರ್‌ನ ವೀರಗಲ್ಲುಗಳನ್ನು ಹಲವು ವಿದ್ವಾಂಸರು ಈ ಕಾಳಗಕ್ಕೇ ಸಂಬಂಧಿಸುತ್ತಾರೆ. ಹಾಯಿಗಂಬ ಮತ್ತು ಸಾಲು ಹುಟ್ಟುಗಳುಳ್ಳ ನೌಕೆಗಳು ಅವುಗಳಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ನಿಜವಾದ ತಿರುವು ಬಂದದ್ದು 1657ರಲ್ಲಿ. ಕಲ್ಯಾಣ ಮತ್ತು ಭಿವಂಡಿಗಳನ್ನು ಗೆದ್ದ ಶಿವಾಜಿ ಅಲ್ಲಿಯೇ ನೌಕೆಗಳನ್ನು ಕಟ್ಟಿಸತೊಡಗಿದನು. ಜಂಜಿರಾ ದ್ವೀಪಕೋಟೆಯ ಒಡೆಯನಾದ ಸಿದ್ದಿಯ ವಿರುದ್ಧ ಎಂಬುದು ಘೋಷಿತ ಕಾರಣವಾಗಿತ್ತು. ಈ ಕೆಲಸಕ್ಕೆ ನೇಮಿತರಾಗಿದ್ದ ರುಯಿ ಲೈತಾಂವ್ ವಿಯೇಗಸ್ ಮತ್ತಿತರ ಪೋರ್ಚುಗೀಸ್ ನೌಕಾನಿರ್ಮಾಪಕರನ್ನು 1659ರಲ್ಲಿ ಪೋರ್ಚುಗೀಸ್ ಅಧಿಕಾರಿಗಳು ಹಿಂದಕ್ಕೆ ಕರೆಸಿಕೊಂಡರು. ಕಲ್ಯಾಣದ ಹಡಗು ಕಡಲಿಗಿಳಿಯಬೇಕಾದರೆ ಪೋರ್ಚುಗೀಸರ ಥಾಣೆ ಅಥವಾ ವಸಈಯನ್ನು ದಾಟಲೇಬೇಕಾಗಿದ್ದುದರಿಂದ ಅವರ ಅಂಜಿಕೆ ಅಕಾರಣವಾಗಿರಲಿಲ್ಲ. ಈ ನೌಕಾಪಡೆಯಲ್ಲಿ ಎರಡು ಬಗೆಯ ನೌಕೆಗಳು ಮುಖ್ಯವಾದವು: ಎರಡು ಮೂರು ಹಾಯಿಗಂಬಗಳಿದ್ದು ಮುಂಭಾಗದಲ್ಲಿ ಫಿರಂಗಿ ಹೊತ್ತ ಗುರಾಬ, ಹಾಗೂ ಗಾಳಿಯಿಲ್ಲದಾಗಲೂ ನಲವತ್ತೈವತ್ತು ಹುಟ್ಟುಗಳಿಂದ ಸಾಗಬಲ್ಲ ಹಗುರ ಗಲಬತ. ಆಳವಿಲ್ಲದ ನೀರಿಗೆ ತಕ್ಕ ರಚನೆಯಿದು.

 

ಶಿವಾಜಿಯ ನೌಕಾನಾಯಕರಲ್ಲಿ ದರ್ಯಾ ಸಾರಂಗ, ಮಾಯ್ ನಾಯಕ ಭಂಡಾರಿ, ದೌಲತ್ ಖಾನ್ ಪ್ರಮುಖರು. ಕನ್ನಡ ಕರಾವಳಿಗೆ ಈ ಪಡೆಯ ಪರಿಚಯವಾದದ್ದು 1665ರ ಬಸರೂರಿನ ಲೂಟಿಯಿಂದ. ಖಾಂದೇರಿ ದ್ವೀಪಕ್ಕಾಗಿ 1679ರ ಅಕ್ಟೋಬರ್ 18ರಂದು ನಡೆದ ಕಾಳಗದಲ್ಲಿ ದೌಲತ್ ಖಾನನ ಗಲಬತಗಳು ಇಂಗ್ಲಿಷರ ಡವ್ ನೌಕೆಯನ್ನು ಹಿಡಿದರೂ, ರಿವೆಂಜ್ ಎಂಬ ಒಂದೇ ಹಡಗಿನ ಫಿರಂಗಿಗಳೆದುರು ಹಿಮ್ಮೆಟ್ಟಿದವು. ಆದರೆ ಇರುಳಲ್ಲಿ ದೋಣಿಗಳ ಮೂಲಕ ದ್ವೀಪಕ್ಕೆ ಆಹಾರ ತಲುಪುತ್ತಲೇ ಇತ್ತು. ಮರುವರ್ಷ ಇಂಗ್ಲಿಷರು ದಿಗ್ಬಂಧನವನ್ನು ಕೈಬಿಟ್ಟರು. ಮರಾಠರಿಗೆ ಕೊರತೆಯಾದದ್ದು ನಾವಿಕರ ಜಾಣ್ಮೆಯಲ್ಲ, ಭಾರಿ ಫಿರಂಗಿಗಳು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮುಂದಿನ ಶತಮಾನದಲ್ಲಿ ಮರಾಠ ನೌಕಾನಾಯಕರ ಮನೆತನವಾದ ಆಂಗ್ರೆಯವರ ಏಳುಬೀಳು ಹೆಚ್ಚಾಗಿ ದಕ್ಷಿಣದ ಕಡಲಲ್ಲಿ ನಡೆಯಿತು. ಅವರ ನೌಕಾಪಡೆ 1756ರಲ್ಲಿ ವಿಜಯದುರ್ಗದಲ್ಲಿ ಸುಟ್ಟುಹೋದಾಗ, ಅದನ್ನು ಸುಟ್ಟ ಇಂಗ್ಲಿಷರಿಗೆ ಮರಾಠರ ಪ್ರಧಾನಿ ಪೇಶ್ವೆಯ ಬೆಂಬಲವಿತ್ತೆಂಬುದು ಮರಾಠರ ನೌಕಾನೀತಿಯ ಅತಿ ದೊಡ್ಡ ಅವಿವೇಕ. ಮರಾಠರು 1737ರಲ್ಲಿ ಪೋರ್ಚುಗೀಸರಿಂದ ಕಸಿದುಕೊಂಡಿದ್ದ ಥಾಣೆ ಕೋಟೆಯನ್ನು ಇಂಗ್ಲಿಷರು 1774ರ ಡಿಸೆಂಬರ್‌ನಲ್ಲಿ ಗೆದ್ದರು. ಆ ಮುತ್ತಿಗೆಯಲ್ಲಿ ಅವರ ನೌಕಾಧಿಪತಿ ಜಾನ್ ವಾಟ್ಸನ್ ಗಾಯಗೊಂಡು ಸತ್ತನು. 1782ರ ಸಾಲ್‌ಬಾಯಿ ಒಪ್ಪಂದ ಥಾಣೆಯಿರುವ ಸಾಲ್ಸೆಟ್ ದ್ವೀಪವನ್ನು ಇಂಗ್ಲಿಷರಲ್ಲಿಯೇ ಉಳಿಸಿತು. ಥಾಣೆಯ ಕೋಟೆ ಈಗ ಕೇಂದ್ರ ಕಾರಾಗೃಹವಾಗಿದೆ.